ಉಳಿದ ಕೆಲಸ ಸಂಗಮೇಶ್ವರನ ಪಾಲಿಗೆ

ಜಹೀರಾಬಾದಿಗೂ ರೈಲು ಉಂಟು, ತಾಂಡೂರಿಗೂ ಉಂಟು. ಒಂದರಿಂದ ಇನ್ನೊಂದಕ್ಕೆ ಮಾತ್ರ ನೇರ ಹಳಿ ಇಲ್ಲ. ಬೀದರಿನ ಕಡೆಯಿಂದ ಬರುವ ಹಳಿ ಜಹೀರಾಬಾದನ್ನು ಮುಟ್ಟಿ ವಿಕಾರಾಬಾದಿಗೆ ಹೋಗಿ ಸೇರುತ್ತದೆ. 1874ರಲ್ಲಿ, ನಿಜಾಮರ ಕಾಲದಲ್ಲಿ ಶುರುವಾದ ವಾಡಿ–ಸಿಕಂದರಾಬಾದ್ ಹಳಿ ತಾಂಡೂರನ್ನು ಹಾದು ಅದೇ ವಿಕಾರಾಬಾದಿಗೆ ಬರುತ್ತದೆ. ಹೀಗಾಗಿ ಈ ಎರಡು ಊರಿನ ಬೀಗರು ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಮೊದಲು ವಿಕಾರಾಬಾದಿನ ಪ್ಲಾಟ್‌ಫಾರ್ಮಿನ ಮೇಲೆ ಕೂತು ಶೇಂಗಾ ಸುಲಿಯಬೇಕು. ನಾರಾಯಣಖೇಡಕ್ಕೆ ರೈಲೇ ಇಲ್ಲ. ಅಲ್ಲಿಯ ಜನ ನಿಶ್ಚಿಂತರು. ರೈಲು ತಪ್ಪಿತು ಎಂಬ ದುಃಖವಾದರೂ ಅವರಿಗಿಲ್ಲ.

ನಾವು ಜಹೀರಾಬಾದಿನವರು. ಸೋದರತ್ತೆಯನ್ನು ನಾರಾಯಣಖೇಡದ ಆಚೆಗಿನ ಒಂದು ಹಳ್ಳಿಗೆ ಕೊಟ್ಟಿದೆ. ಸೋದರಮಾವನದು ತಾಂಡೂರಿನಲ್ಲಿ ಹಾಸುಗಲ್ಲಿನ ವ್ಯಾಪಾರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆಟೋದವನ ಸಂಗಡ ಉರ್ದು, ಅತ್ತೆಯ ಊರಿಗೆ ಹೋದರೆ ಇವೆಲ್ಲದರ ಮೇಲೆ ಒಂದಿಷ್ಟು ಮರಾಠಿ. "ಇವತ್ತು ಇದನ್ನು ಮುಗಿಸಿಯೇ ಬಿಡುತ್ತೇನೆ" ಎಂಬ ಮಾತನ್ನು ನಾನು ಈ ನಾಲ್ಕರಲ್ಲೂ ಹೇಳಿ ನೋಡಿದ್ದೇನೆ. ಯಾವುದರಲ್ಲಿ ಹೇಳಿದರೂ ಫಲ ಒಂದೇ.

ಬೆಳಗಿನ ಚಹಾದ ಜೊತೆಗೆ ಆ ದಿನದ ಕೆಲಸಗಳನ್ನು ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆಯುವುದು ನಿವೃತ್ತಿಯಾದ ಮೇಲೆ ಹತ್ತಿದ ಚಟ. ನೌಕರಿಯಲ್ಲಿದ್ದಾಗ ಉಳಿದ ಕೆಲಸಕ್ಕೆ ಫೈಲು ಎಂಬ ಗೌರವದ ಹೆಸರಿತ್ತು, ಅದಕ್ಕೊಂದು ಬೀರುವಿತ್ತು. ಮನೆಯಲ್ಲಿ ಉಳಿದದ್ದಕ್ಕೆ ಬೀರು ಇಲ್ಲ, ಕೇಳುವವರು ಇದ್ದಾರೆ. ಗಿರಣಿಗೆ ಜೋಳ, ಬ್ಯಾಂಕಿಗೆ ಆಧಾರ್ ಝೆರಾಕ್ಸು, ಅತ್ತೆಗೆ ಮೊಣಕಾಲಿನ ಎಣ್ಣೆ, ಮಾವನಿಗೆ ಫೋನು, ಛತ್ರಿಯ ಕಡ್ಡಿ – ಹಾಳೆಯ ಬೆನ್ನು ತುಂಬುತ್ತದೆ. ತಿರುಗಿಸಿ ಮುಖದ ಕಡೆ ನೋಡಿದರೆ ಅಲ್ಲಿ ದೇವರ ಕಡೆಯವರು ಮೊದಲೇ ಬೇರೆ ಪಟ್ಟಿ ಅಚ್ಚು ಹಾಕಿಸಿದ್ದಾರೆ. ಹಗಲು ಹನ್ನೆರಡು ತಾಸು ಎಂದಿಟ್ಟುಕೊಳ್ಳಿ. ರಾಹುಕಾಲ ಒಂದೂವರೆ ತಾಸು, ಗುಳಿಕಕಾಲ ಒಂದೂವರೆ, ಯಮಗಂಡಕಾಲ ಒಂದೂವರೆ. ಅಲ್ಲಿಗೆ ನಾಲ್ಕೂವರೆ ತಾಸು ಹೋಯಿತು. ಉಳಿದದ್ದರಲ್ಲಿ ಊಟ, ಊಟದ ಮೇಲಿನ ನಿದ್ದೆ, ಕರೆಂಟು ಹೋದ ಹೊತ್ತು, ನೆಂಟರು ಬಂದ ಹೊತ್ತು, ನೆಂಟರು ಹೊರಡುತ್ತೇವೆ ಎಂದು ಎದ್ದುನಿಂತ ಮೇಲೆ ಬಾಗಿಲಲ್ಲಿ ನಡೆಯುವ ನಿಜವಾದ ಮಾತುಕತೆಯ ಹೊತ್ತು. ಇಷ್ಟೂ ಕಳೆದು ಛತ್ರಿಯ ಕಡ್ಡಿಗೆ ಏನು ಸಿಕ್ಕೀತು?

"ಬರಿಯೋದು ಬರೀರಿ. ಮ್ಯಾಲ ಸಂಗಮೇಶ್ವರ ಸಹಿ ಹಾಕಿದ್ರ ಆಗ್ತದ, ಇಲ್ಲಾಂದ್ರ ನಾಳಿಗಿ" ಎನ್ನುತ್ತಾಳೆ ನನ್ನವಳು.

ಇವಳ ಸಂಗಮೇಶ್ವರ ಎಂದರೆ ಝರಾಸಂಗಮದ ಕೇತಕಿ ಸಂಗಮೇಶ್ವರ. ಜಹೀರಾಬಾದಿನಿಂದ ದೂರವಿಲ್ಲ. ಬೀದರ ಕಡೆಯವರು, ಮಹಾರಾಷ್ಟ್ರದವರು, ಇಲ್ಲಿಯವರು ಎಲ್ಲರೂ ಅಲ್ಲಿಯ ಕುಂಡದಲ್ಲಿ ಮಿಂದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕೇದಗೆಯ ಕತೆ ಗೊತ್ತಲ್ಲ: ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ಹೇಳಿ ಶಿವನ ಶಾಪಕ್ಕೆ ಸಿಕ್ಕಿ ಪೂಜೆಯಿಂದಲೇ ಹೊರಬಿದ್ದ ಹೂವು. ಝರಾಸಂಗಮದಲ್ಲಿ ಆ ಹೂವಿಗೂ ಜಾಗವಿದೆ ಎನ್ನುತ್ತಾರೆ. ಜಾಗವೇನು, ದೇವರ ಹೆಸರಿನ ಮೊದಲಿಗೇ ಬಂದು ಕೂತಿದೆ. ತಾನೇ ಕೊಟ್ಟ ಶಾಪವನ್ನು ಪೂರ್ತಿ ಮಾಡದೆ ಅರ್ಧಕ್ಕೆ ಬಿಟ್ಟ ದೇವರು ನನ್ನ ಪಟ್ಟಿಯ ಮೇಲೆ ಕಣ್ಣು ಕೆಂಪಗೆ ಮಾಡಲಿಕ್ಕಿಲ್ಲ ಎಂಬ ಧೈರ್ಯ ನನಗಿದೆ.

ನಮ್ಮ ಓಣಿಯ ದರ್ಜಿ ಪ್ರತಿ ಮಾತಿಗೂ ಇನ್ಶಾ ಅಲ್ಲಾ ಎನ್ನುತ್ತಾನೆ. ಶುಕ್ರವಾರ ಅಂಗಿ ಇನ್ಶಾ ಅಲ್ಲಾ, ಸೋಮವಾರ ಇನ್ಶಾ ಅಲ್ಲಾ, ಹಬ್ಬದ ಮೊದಲು ಇನ್ಶಾ ಅಲ್ಲಾ. ಬಟ್ಟೆ ಕತ್ತರಿಸುವ ಮೊದಲೇ ಹೇಳುತ್ತಾನೆಂಬುದೇ ನನಗೆ ಗುಮಾನಿ. ನನ್ನ ಜೊತೆಗೆ ಕೆಲಸ ಮಾಡಿದ ಒಬ್ಬ ಗೆಳೆಯ ಮೆಥಡಿಸ್ಟ್ ಸಭೆಯವನು. ಅವನು "ದೇವರ ಚಿತ್ತ" ಎನ್ನುತ್ತಿದ್ದ, ಆದರೆ ಸಂಜೆ ಐದಕ್ಕೆ, ಪೆನ್ನಿನ ಮುಚ್ಚಳ ಹಾಕಿದ ಮೇಲೆ. ಬೆಳಿಗ್ಗೆ ಅವನ ಬಾಯಲ್ಲಿ ಆ ಮಾತು ಯಾರೂ ಕೇಳಿದ್ದಿಲ್ಲ. ಇಬ್ಬರೂ ಭಕ್ತರೇ, ನಾನು ಸಂಶಯಪಡುವುದಿಲ್ಲ. ಆದರೆ ದೇವರ ಹೆಸರನ್ನು ಕೈಯೆತ್ತುವ ಮೊದಲು ಹೇಳುವುದಕ್ಕೂ ಕೈ ಸೋತ ಮೇಲೆ ಹೇಳುವುದಕ್ಕೂ ವ್ಯತ್ಯಾಸವಿದೆ. ಅಂಗಿ ಹೊಲಿಸಿದವರಿಗೆ ಆ ವ್ಯತ್ಯಾಸ ಗೊತ್ತು.

ದೊಡ್ಡವರ ಪಟ್ಟಿಗಳ ಗತಿ ನೋಡಿದರೆ ನನ್ನ ಛತ್ರಿಗೆ ಸಮಾಧಾನವಾಗುತ್ತದೆ. ರಾಜ್ಯ ಪುನರ್ವಿಂಗಡಣೆಗೆಂದು ಕೂತ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. ತೆಲಂಗಾಣದ ಜಿಲ್ಲೆಗಳ ಜೊತೆಗೆ ಬೀದರ ಜಿಲ್ಲೆಯನ್ನು ಇಡಿಯಾಗಿ ಸೇರಿಸಿ ಹೈದರಾಬಾದ್ ಎಂಬ ಬೇರೆ ರಾಜ್ಯ ಇರಲಿ ಎಂಬುದು ಅದರ ಯೋಜನೆ. ತಿಳಿದವರು, ಕಾನೂನು ಬಲ್ಲವರು, ನಕ್ಷೆ ಹಾಸಿಕೊಂಡು ಕೂತು ಮಾಡಿದ ಯೋಜನೆ. ಮುಂದಿನ ವರ್ಷ ಕಾಯ್ದೆ ಬಂದಾಗ ಆದದ್ದೇ ಬೇರೆ. ಬೀದರ ಮೈಸೂರಿಗೆ ಹೋಯಿತು. ಅದೇ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್, ಗುಲ್ಬರ್ಗಾ ಜಿಲ್ಲೆಯ ತಾಂಡೂರು – ಇಷ್ಟೂ ಆಂಧ್ರಕ್ಕೆ. ನಮ್ಮಜ್ಜ 1956ರ ಅಕ್ಟೋಬರ್ 31ರ ರಾತ್ರಿ ಬೀದರ ಜಿಲ್ಲೆಯಲ್ಲಿ ಮಲಗಿ ಬೆಳಿಗ್ಗೆ ಮೇದಕ ಜಿಲ್ಲೆಯಲ್ಲಿ ಎದ್ದ. ಹಾಸಿಗೆ ಮಾತ್ರ ಅದೇ. ಮಗಳ ಮದುವೆ ಬೀದರಿನಲ್ಲಿ, ಹೊಲದ ಕಾಗದ ಸಂಗಾರೆಡ್ಡಿಯಲ್ಲಿ, ದೇವರು ಝರಾಸಂಗಮದಲ್ಲಿ. ಮೂರಕ್ಕೂ ತಿರುಗಿ ತಿರುಗಿ ಅಜ್ಜ ಕಾಲು ಸವೆಸಿದ. 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ. ತಾಂಡೂರಿನ ಮಾವನಂತೂ ಹುಟ್ಟಿದ್ದು ಗುಲ್ಬರ್ಗಾ ಜಿಲ್ಲೆ, ಶಾಲೆ ಹೈದರಾಬಾದ್ ಜಿಲ್ಲೆ, ಅಂಗಡಿ ತೆರೆದದ್ದು ರಂಗಾರೆಡ್ಡಿ ಜಿಲ್ಲೆ, ಈಗ ಪಿಂಚಣಿಯ ಅರ್ಜಿ ಹಾಕುವುದು ವಿಕಾರಾಬಾದ್ ಜಿಲ್ಲೆ. ಮನುಷ್ಯ ಓಣಿ ಬಿಟ್ಟು ಕದಲಿಲ್ಲ.

ಇದರಲ್ಲಿ ದೇವರ ಉದ್ದೇಶವೇನಿತ್ತು ಎಂದು ಮಾವನನ್ನು ಕೇಳಿದರೆ, "ಗೊತ್ತಿಲ್ಲಪಾ, ಆದರ ತೊಗರಿಗಿ ಎರಡು ಸರ್ಟಿಫಿಕೇಟ್ ಸಿಕ್ಕಾವ" ಎನ್ನುತ್ತಾರೆ. ಮಾತು ನಿಜ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ತಾಂಡೂರಿನ ತೊಗರಿಗೆ 2022ರಲ್ಲಿ. ಸುಣ್ಣಕಲ್ಲಿನ ಮೇಲೆ ಕೂತ ಅದೇ ಕಪ್ಪು ಮಣ್ಣು, ನಡುವೆ ಒಂದು ಗೆರೆ, ಆಚೆಗೊಂದು ಸರ್ಟಿಫಿಕೇಟು, ಈಚೆಗೊಂದು. ಬೇಳೆ ಬೇಯುವಾಗ ಎರಡೂ ಒಂದೇ ವಾಸನೆ. ಕಾಗಿಣಾ ನದಿಗೂ ಗೆರೆಯ ವಿಷಯ ಯಾರೂ ತಿಳಿಸಿದಂತಿಲ್ಲ. ತಾಂಡೂರನ್ನು ಹಾದು ಗಡಿ ದಾಟಿ ಸೇಡಂ ಸೀಮೆಗೆ ಇಳಿದು, ನೃಪತುಂಗನ ಮಳಖೇಡದ ಕೋಟೆಯ ಬುಡ ತೊಳೆದು ಭೀಮೆಯನ್ನು ಸೇರುತ್ತದೆ. ರಾಷ್ಟ್ರಕೂಟರೂ ಆ ದಂಡೆಯ ಮೇಲೆ ದೊಡ್ಡ ದೊಡ್ಡ ಪಟ್ಟಿ ಬರೆದಿರಬೇಕು.

ಎಲ್ಲ ಅರ್ಧ ಕೆಲಸವನ್ನೂ ದೇವರ ಮೇಲೆ ಹಾಕುವುದು ಸರಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. 2022ರ ಫೆಬ್ರವರಿಯಲ್ಲಿ ನಾರಾಯಣಖೇಡದಲ್ಲಿ ಎರಡು ಏತ ನೀರಾವರಿ ಯೋಜನೆಗಳಿಗೆ ಅಡಿಗಲ್ಲು ಬಿತ್ತು. ಸಿಂಗೂರು ಜಲಾಶಯದ ನೀರನ್ನು ಎತ್ತಿ ನಮ್ಮ ಒಣ ಹೊಲಗಳಿಗೆ ತರುವ ಯೋಜನೆ. ಒಂದರ ಹೆಸರು ಬಸವೇಶ್ವರ, ಇನ್ನೊಂದರ ಹೆಸರು ಸಂಗಮೇಶ್ವರ. ನೀರು ಬರುವ ಮೊದಲೇ ಕಾಲುವೆಗೆ ದೇವರ ಹೆಸರಿಟ್ಟರೆ ನನ್ನಂಥವರಿಗೆ ಸ್ವಲ್ಪ ದಿಗಿಲು. ತಡವಾದರೆ ಯಾರನ್ನು ಕೇಳಬೇಕು? ಅತ್ತೆಯ ಊರಿನವರು ಇದನ್ನು ಶಿವನಿಚ್ಛೆ ಎಂದು ಬಿಟ್ಟುಕೊಟ್ಟಿಲ್ಲ. ಬಂದ ಎಂಎಲ್‌ಎಗಳನ್ನೆಲ್ಲ ಕೇಳುತ್ತಾರೆ. ಸರಿಯಾಗಿಯೇ ಮಾಡುತ್ತಾರೆ. ಕೈಯಲ್ಲಿ ಕೀಲಿಕೈ ಇಟ್ಟುಕೊಂಡವನು ಆಕಾಶದ ಕಡೆ ಬೆರಳು ತೋರಿಸಿದರೆ ಅದು ಭಕ್ತಿಯಲ್ಲ.

ಕೈಯಲ್ಲಿ ಕೀಲಿಕೈ ಇಲ್ಲದವರ ಕತೆ ಬೇರೆ. ಅದಕ್ಕೆ ನಮ್ಮೂರಿನ ಪಕ್ಕದ ಪಸ್ತಾಪುರಕ್ಕೆ ಹೋಗಬೇಕು. 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದ ಗೆಳೆಯರಲ್ಲಿ ಮುಂದಾಳು ಪಿ. ವಿ. ಸತೀಶ್. ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು, ದೂರದರ್ಶನದಲ್ಲಿದ್ದವರು. ಕ್ಯಾಮೆರಾ ಹಿಡಿದು ಬಂದವರು ಹಿಂದಿರುಗಿ ಹೋಗಲಿಲ್ಲ. ಊರೂರಿನಲ್ಲಿ ಹೆಣ್ಣುಮಕ್ಕಳ ಸಂಘಗಳಾದವು. ಹೆಚ್ಚಿನವರು ದಲಿತರು, ಒಂದೋ ಎರಡೋ ಎಕರೆ ಬರಡು ಕೆಂಪು ನೆಲ, ಅಕ್ಷರವಿಲ್ಲ. ಆದರೆ ಬೀಜದ ವಿಷಯದಲ್ಲಿ ಅವರ ಎದುರು ಕೂತು ಮಾತನಾಡಲು ಪಂಡಿತರೂ ಹಿಂಜರಿಯಬೇಕು.

ಈ ಹೆಂಗಸರ ಬಿತ್ತನೆಯನ್ನು ನೋಡಬೇಕು. ನನ್ನ ಪಟ್ಟಿಗೂ ಅವರ ಬಿತ್ತನೆಗೂ ಇರುವ ಅಂತರ ಅಲ್ಲಿ ತಿಳಿಯುತ್ತದೆ. ಒಂದೇ ಹೊಲಕ್ಕೆ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಉದ್ದು, ಅಲಸಂದೆ, ಪುಂಡಿ, ಎಳ್ಳು, ಹುಚ್ಚೆಳ್ಳು. ಹತ್ತು ಹದಿನೈದು ಬಗೆ ಸಾಧಾರಣ, ಇಪ್ಪತ್ತು ದಾಟುವುದೂ ಉಂಟು. ನಮ್ಮ ಕಡೆ ಅಕ್ಕಡಿ ಎನ್ನುವ ಪದ್ಧತಿಯೇ ಇದು, ಇನ್ನಷ್ಟು ಉದಾರವಾಗಿ. ಮಳೆ ಬೇಗ ನಿಂತರೆ ನವಣೆ ಕೈಹಿಡಿದೀತು. ತಡವಾಗಿ ಬಂದರೆ ತೊಗರಿ ಕಾದು ಕುಡಿದೀತು. ಹುಳ ಬಿದ್ದರೆ ಒಂದಕ್ಕೆ ಬಿದ್ದೀತು, ಎಲ್ಲಕ್ಕೂ ಬೀಳಲಿಕ್ಕಿಲ್ಲ. ಏನೂ ಬೆಳೆಯದ ಮೂಲೆಯಲ್ಲಿ ಬಿತ್ತದ ಸೊಪ್ಪು ತಾನಾಗಿ ಹುಟ್ಟಿ ಆ ದಿನದ ಪಲ್ಯವಾದೀತು. ಕೆಲವು ಉಳಿಯುವುದಿಲ್ಲ ಎಂಬುದನ್ನು ಯೋಜನೆಯ ಒಳಗೇ ಬಿತ್ತಿಬಿಟ್ಟಿದ್ದಾರೆ; ಯಾವುದು ಉಳಿಯುವುದಿಲ್ಲ ಎಂಬುದನ್ನಷ್ಟೇ ಮೇಲಿನವನಿಗೆ ಬಿಟ್ಟಿದ್ದಾರೆ. ನಾನಾದರೋ ಐದು ಕೆಲಸ ಬರೆದು ಐದೂ ಮೊಳಕೆಯೊಡೆಯಬೇಕೆಂದು ಹಟ ಹಿಡಿಯುತ್ತೇನೆ. ಹಿಂಗಾರಿಯಲ್ಲಿ ನೀರಾವರಿಯಿಲ್ಲದೆ, ನೆಲದ ತೇವ ಮತ್ತು ರಾತ್ರಿಯ ಇಬ್ಬನಿ ಕುಡಿದೇ ಬರುವ ಕಡಲೆ, ಅಗಸೆ, ಕುಸುಬೆ, ಬಿಳಿಜೋಳಗಳನ್ನು ಇವರು ಸತ್ಯಂ ಪಂಟಲು, ಅಂದರೆ ಸತ್ಯದ ಬೆಳೆಗಳು, ಎನ್ನುತ್ತಾರೆ. ಇಬ್ಬನಿಯನ್ನು ನಂಬಿ ಬೀಜ ಕಳೆಯುವ ಧೈರ್ಯ ನನಗೆ ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಬಂದಿಲ್ಲ.

ಇವರದೇ ಒಂದು ರೇಡಿಯೋ. ಅದರ ಕತೆಯಷ್ಟು ದೇವರ ಸುತ್ತುದಾರಿಯನ್ನು ತೋರಿಸುವ ಕತೆ ನನಗೆ ಪುರಾಣದಲ್ಲೂ ಸಿಕ್ಕಿಲ್ಲ. ಯುನೆಸ್ಕೋದ ನೆರವಿನಿಂದ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮಾಚನೂರು ಎಂಬ ಹಳ್ಳಿಯಲ್ಲಿ ಕಟ್ಟಡ ಎದ್ದಿತು, ಯಂತ್ರ ಬಂತು, ಹೆಂಗಸರು ಗುಂಡಿ ಒತ್ತುವುದು, ದನಿ ಹಿಡಿಯುವುದು ಕಲಿತರು. ಎಲ್ಲ ಸಿದ್ಧ, ಪರವಾನಗಿ ಮಾತ್ರ ಇಲ್ಲ. ಊರಿನ ಜನ ತಾವೇ ರೇಡಿಯೋ ನಡೆಸುವ ಕಾನೂನು ದೇಶದಲ್ಲಿ ಇರಲಿಲ್ಲ. ಬೇರೆಯವರಾಗಿದ್ದರೆ ಯಂತ್ರದ ಮೇಲೆ ಗೋಣಿತಟ್ಟು ಹೊದಿಸುತ್ತಿದ್ದರು. ಇವರು ಕಾರ್ಯಕ್ರಮ ಮಾಡುತ್ತಲೇ ಹೋದರು. ಬೀಜದ ಮಾತು, ಬಸುರಿ ಬಾಣಂತಿಯರ ಮಾತು, ಹಾಡು, ಜಗಳ, ದನದ ಔಷಧಿ. ಕ್ಯಾಸೆಟ್ಟಿಗೆ ತುಂಬಿ ಊರೂರಿನ ಸಂಘದ ಸಭೆಗೆ ಒಯ್ದು ಹಾಕಿ ಕೇಳಿಸಿದರು. ಗಾಳಿಯಲ್ಲಿ ಹೋಗಬೇಕಾದದ್ದು ಬಗಲಚೀಲದಲ್ಲಿ ಹೋಯಿತು. ಹೀಗೆ ಹತ್ತು ವರ್ಷ.

ಈ ಬೀಗ ತೆರೆಯುವ ಕೀಲಿಕೈಯನ್ನು ದೇವರು ಎಲ್ಲಿಟ್ಟಿದ್ದ ಗೊತ್ತೇ? ಕ್ರಿಕೆಟ್ಟಿನಲ್ಲಿ. 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ವಿಷಯದಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ದೂರದರ್ಶನಕ್ಕೂ ಜಗಳವಾಯಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ 1995ರಲ್ಲಿ ತೀರ್ಪು ಬಂತು: ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು, ಸರ್ಕಾರವೊಂದರದೇ ಅಲ್ಲ. ಬ್ಯಾಟು ಹಿಡಿದವರಾಗಲಿ ಚೆಂಡು ಎಸೆದವರಾಗಲಿ ಮಾಚನೂರಿನ ಹೆಸರು ಕೇಳಿರಲಿಕ್ಕಿಲ್ಲ. ತೀರ್ಪು ಹಿಡಿದುಕೊಂಡು ವಾದಿಸುತ್ತ ವಾದಿಸುತ್ತ 2006ರಲ್ಲಿ ಸಮುದಾಯ ರೇಡಿಯೋಗೆ ಸರ್ಕಾರ ಒಪ್ಪಿತು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಗಾಳಿಗೆ ಬಂತು. ಉದ್ಘಾಟನೆಗೆ ಬಂದವರು ಆ ತೀರ್ಪು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತ್. ನಡೆಸಿದವರು ಇಬ್ಬರು, ಇಬ್ಬರ ಹೆಸರೂ ನರಸಮ್ಮ. ಗುರುತಿಗೆ ಒಬ್ಬಳು ಜನರಲ್ ನರಸಮ್ಮ, ಇನ್ನೊಬ್ಬಳು ಅಲ್ಗೋಲು ನರಸಮ್ಮ. ಹತ್ತು ವರ್ಷ ಕ್ಯಾಸೆಟ್ಟಿಗೆ ಮಾತು ತುಂಬಿದ್ದರಿಂದ ಮೈಕಿನ ಮುಂದೆ ಅವರಿಗೆ ನಡುಕ ಇರಲಿಲ್ಲ. ಮಾತು ತೆಲುಗಿನಲ್ಲಿ, ಆದರೆ ನವಣೆಯ ವಿಷಯವಾದ್ದರಿಂದ ನಮ್ಮ ಕನ್ನಡದ ಮನೆಗಳಿಗೂ ತಿಳಿಯುತ್ತದೆ.

ಆ ಹತ್ತು ವರ್ಷ ದೇವರು ಬೇಕೆಂದೇ ತಡ ಮಾಡಿದ ಎಂದು ನಾನು ಹೇಳಲಾರೆ. ತಡ ಮಾಡಿದ್ದು ದೆಹಲಿ. ಆ ತಡದೊಳಗೆ ಬೇರೊಂದು ಕೆಲಸ ನಡೆಯುತ್ತಿತ್ತು, ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಸತೀಶರ ಪಟ್ಟಿಯೂ ಪೂರ್ತಿಯಾಗಲಿಲ್ಲ. ಸಜ್ಜೆ ನವಣೆಗಳು ಬಡವರ ಕೂಳೆಂದು ಜನ ಮೂಗು ಮುರಿಯುತ್ತಿದ್ದ ಕಾಲದಿಂದ ಅವುಗಳ ಪರವಾಗಿ ಮಾತನಾಡಿದವರು ಅವರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಮಾರ್ಚ್ 18ರಂದು ದೆಹಲಿಯಲ್ಲಿ ಪ್ರಧಾನಿಯವರು ಸಿರಿಧಾನ್ಯಗಳ ಜಾಗತಿಕ ಸಮ್ಮೇಳನ ಉದ್ಘಾಟಿಸಿದರು. ಮರುದಿನ, 19ರಂದು, ಸತೀಶರು ಹೈದರಾಬಾದಿನಲ್ಲಿ ತೀರಿಕೊಂಡರು. ಆ ಎರಡು ತಾರೀಖುಗಳನ್ನು ಒಟ್ಟಿಗೆ ಇಟ್ಟುಕೊಂಡು ನಾನು ಬಹಳ ಹೊತ್ತು ಕೂತಿದ್ದೇನೆ. ದೇವರ ಮೇಲೆ ಸಿಟ್ಟೂ ಬಂದಿದೆ. ಬಡ್ಡಿಸಮೇತ ಬಂದ ಫಸಲನ್ನು ನೋಡಲು ಇನ್ನೊಂದಿಷ್ಟು ದಿನ ಬಿಡಬಾರದಿತ್ತೇ? ಅತ್ತೆಯ ಹತ್ತಿರ ಹೇಳಿದರೆ ಅವಳು, "ಬಿತ್ತಿದವರೇ ರಾಶಿ ಮಾಡಬೇಕಂತ ಎಲ್ಲಿ ಬರದದ? ನಮ್ಮ ಹುಣಸಿಮರ ಯಾರು ಹಚ್ಚಿದ್ರು ಗೊತ್ತದೇನು ನಿನಗ?" ಎಂದಳು. ಗೊತ್ತಿರಲಿಲ್ಲ. ಅದರ ಹುಳಿಯಲ್ಲೇ ಸಾರು ಮಾಡುತ್ತಿದ್ದಳು. ಕಲ್ಯಾಣದ ಕೆಲಸವೂ ಅರ್ಧಕ್ಕೇ ನಿಂತದ್ದು ಎಂದು ನೆನಪಾಯಿತು. ಕಲ್ಯಾಣ ನಮಗೆ ದೂರವೇನಿಲ್ಲ, ಜಹೀರಾಬಾದಿನ ಇದೇ ಹೆದ್ದಾರಿ ಹಿಡಿದು ಹುಮನಾಬಾದ ದಾಟಿದರೆ ಅದರ ದಾರಿ. ಶರಣರು ಚದುರಿ ಹೋದರು, ಕಟ್ಟು ಕಟ್ಟು ವಚನಗಳು ಯಾರ ಯಾರ ಮನೆಯಲ್ಲೋ ಉಳಿದವು. ಅವನ್ನು ಕೂಡಿಸಿ ಶೂನ್ಯಸಂಪಾದನೆ ಮಾಡುವವರು ಹುಟ್ಟಿದ್ದು 15ನೇ ಶತಮಾನದಲ್ಲಿ. ಅಲ್ಲಮನ ಪಟ್ಟಿಯಲ್ಲಿ ಅವರ ಹೆಸರು ಇದ್ದಿರಲಾರದು.

ಈ ಅತ್ತೆಯ ಹೊಲಕ್ಕೆ ಎಳ್ಳಮಾವಾಸ್ಯೆಗೆ ಹೋಗುವುದು ನಮ್ಮ ಮನೆಯ ರೂಢಿ. ಜೋಳ ಆಳೆತ್ತರ ನಿಂತಿರುತ್ತದೆ. ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಸುಣ್ಣ ಹಚ್ಚಿ ಪೂಜೆ ಮಾಡುತ್ತಾರೆ. ಹೊಲದಲ್ಲಿ ಬೆಳೆದ ಹಸಿಕಾಳು ಸೊಪ್ಪುಗಳನ್ನೆಲ್ಲ ಕೂಡಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಕಡುಬು, ಮಡಕೆಯಲ್ಲಿ ಹುಳಿ ಬಂದ ಅಂಬಲಿ. ನೈವೇದ್ಯವಾದ ಮೇಲೆ ಚರಗ ಚೆಲ್ಲುವುದು. ಕೂಗುತ್ತ ಹೊಲದ ನಾಲ್ಕೂ ಬದುವಿಗೆ ಅನ್ನ ಎರಚುತ್ತ ಹೋಗುತ್ತಾರೆ. ಇಲಿಗೆ, ಹಕ್ಕಿಗೆ, ಇರುವೆಗೆ, ಕಾಣದವರಿಗೆ. ಯಾರು ಎಷ್ಟು ತಿಂದರು ಎಂದು ತಿರುಗಿ ನೋಡುವ ಪದ್ಧತಿಯಿಲ್ಲ.

ಹೋದ ಸಲದ ಅಮಾವಾಸ್ಯೆಗೆ ನಾನು ಅಚ್ಚುಕಟ್ಟಾಗಿ ಯೋಜನೆ ಹಾಕಿದ್ದೆ. ಮಧ್ಯಾಹ್ನ ಊಟ, ಮೂರಕ್ಕೆ ನಾರಾಯಣಖೇಡದ ಬಸ್ ಸ್ಟ್ಯಾಂಡು, ಸಂಜೆ ಜಹೀರಾಬಾದ್, ಬೆಳಿಗ್ಗೆ ಮೊದಲ ಗಾಡಿ ಹಿಡಿದು ವಿಕಾರಾಬಾದ್, ಅಲ್ಲಿಂದ ತಾಂಡೂರಿಗೆ ಮಾವನ ಹತ್ತಿರ. ಅಡುಗೆಮನೆಗೆ ಹಾಕಿಸಬೇಕಾದ ನೀಲಿ ಹಾಸುಗಲ್ಲಿನ ಅಳತೆ ಜೇಬಿನಲ್ಲೇ ಇತ್ತು. ಊಟವಾಗುವುದರೊಳಗೆ ಮೂರು ಹೊಡೆದಿತ್ತು. ಅಂಬಲಿ ಕುಡಿದವನು ಓಡಿ ಬಸ್ಸು ಹಿಡಿದ ದಾಖಲೆ ನಮ್ಮ ಸೀಮೆಯಲ್ಲಿಲ್ಲ. ಮುಂದಿನ ಬಸ್ಸು ಜಾತ್ರೆಯ ಜನ ತುಂಬಿಕೊಂಡು ಕೈ ತೋರಿಸಿದರೂ ನಿಲ್ಲದೆ ಹೋಯಿತು. ಹಾಳೆ ತೆಗೆದು "ತಾಂಡೂರು" ಎಂಬುದರ ಮೇಲೆ ಗೆರೆ ಎಳೆಯುತ್ತ ಮನೆಗೆ ಬಂದರೆ ಪಡಸಾಲೆಯಲ್ಲಿ ನನ್ನ ಹಾಸಿಗೆ ಆಗಲೇ ಬಿಚ್ಚಿತ್ತು, ತಲೆಯ ಕಡೆ ತಂಬಿಗೆಯಲ್ಲಿ ನೀರೂ ಇತ್ತು.

"ನಾನು ಉಳೀತೀನಂತ ನಿನಗ ಹೆಂಗ ಗೊತ್ತು?" ಎಂದು ಕೇಳಿದೆ.

"ನನಗೇನು ಗೊತ್ತು? ದೇವರಿಗಿ ಹೇಳಿದ್ದೆ" ಎಂದಳು ಅತ್ತೆ. "ಬೋರಿನ ಮೋಟಾರು ಕೆಟ್ಟು ಕುಂತದ, ಮೀಟರಿನ ಕಾಗದ ಓದಲಿಕ್ಕಿ ಮನ್ಯಾಗ ಯಾರೂ ಇಲ್ಲ, ಯಾರನ್ನರೆ ಕಳಸು ಅಂತ. ಅವ ನಿನ್ನ ಹಿಡದು ಕೂಡಿಸ್ಯಾನ. ಮುಂಜಾನಿ ಎಂಟಕ್ಕ ಏಳು, ಮೊದಲು ಕರೆಂಟಿನ ಆಫೀಸು, ಆಮ್ಯಾಲ ಮಿಸ್ತ್ರಿ ಮನಿ. ಮೊಣಕಾಲಿನ ಎಣ್ಣಿ ತಂದೀದಿ ಇಲ್ಲ?"